ಹೆಂಚಿನ ಮೇಲೆ 1865 ಅಂತಿದೆ, ನಮ್ಮ ಶಾಲೆ ಅಷ್ಟು ಹಳೇದಾ?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮೂರು ಆಲೂರಿಂದ ಸಕಲೇಶಪುರದ ಕಡೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುತ್ತದೆ. ಊರಿನ ಹೆಸರು ಬೇಡ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ. ಇಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಮ್ಮ ತಂದೆ ಓದಿದರು, ನಾನು ಓದಿದೆ, ಈಗ ನನ್ನ ಮಗಳು ನಾಲ್ಕನೇ ಕ್ಲಾಸು. ಹೋದ ವರ್ಷದಿಂದ ಎಸ್‌ಡಿಎಂಸಿಯಲ್ಲಿ, ಅಂದ್ರೆ ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ, ನಾನೂ ಒಬ್ಬಳು ಸದಸ್ಯೆ.

ಶಾಲೆಗೆ ಎರಡು ಕಟ್ಟಡ. ಒಂದು ಆರ್‌ಸಿಸಿ, ಮೂರು ಕೊಠಡಿ, ಅದರ ಬಗ್ಗೆ ಹೇಳೋಕೆ ಏನೂ ಇಲ್ಲ. ಇನ್ನೊಂದು ಹಳೇದು. ನಡುವೆ ಉದ್ದನೆಯ ಹಾಲು, ಎರಡು ತುದಿಗೂ ಒಂದೊಂದು ಕೋಣೆ, ಮುಂದೆ ಕಲ್ಲುಕಂಬದ ಜಗಲಿ, ಮೇಲೆ ಮಂಗಳೂರು ಹೆಂಚು. ಗೋಡೆ ಎಷ್ಟು ದಪ್ಪ ಅಂದ್ರೆ, ಚಿಕ್ಕವಳಿದ್ದಾಗ ಹಾಲಿನ ಕಿಟಕಿ ಕಟ್ಟೆ ಮೇಲೆ ಕಾಲು ಮಡಚಿ ಕೂತರೆ ಬೆನ್ನಿಗೆ ಸರಳು ತಾಗುತ್ತಿರಲಿಲ್ಲ. ಅಲ್ಲೇ ಕೂತು ಮಗ್ಗಿ ಕಲಿತದ್ದು.

ಈ ಮಳೆಗಾಲದಲ್ಲಿ ಹಾಲಿನ ಒಂದು ಮೂಲೆ ಸೋರಿತು. ಗೋಡೆಯ ಕೆಳಗಿನ ಎರಡು ಮೂರು ಅಡಿ ಬೇಸಿಗೆಯಲ್ಲೂ ತೇವ. ಒಬ್ಬರು ಬಂದರು, ಹತ್ತು ನಿಮಿಷ ಇದ್ದರು, ಜಗಲಿಯಿಂದ ಒಳಗೆ ಕಾಲಿಡದೆ ‘ಶಿಥಿಲ, ಕೆಡವಬೇಕು’ ಅಂತ ಬರೆದುಕೊಂಡು ಹೋದರು. ಯಾರು, ಯಾವ ಆಫೀಸು ಅನ್ನೋದು ಇಲ್ಲಿ ಬೇಡ. ಸಮಿತಿಯಲ್ಲಿ ಅರ್ಧ ಜನ ಕೆಡವಿ ಹೊಸದು ಕಟ್ಟಲಿ ಅಂತಾರೆ. ಅವರದ್ದೂ ತಪ್ಪಲ್ಲ, ಅವರ ಮಕ್ಕಳೂ ಅಲ್ಲೇ ಕೂರೋದು.

ಸೋರುವ ಮೂಲೆಯ ಹೆಂಚು ಇಳಿಸಿದಾಗ ಒಂದನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಇಂಗ್ಲಿಷಿನ ಉಬ್ಬಕ್ಷರದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಅಂತಿದೆ, ಪಕ್ಕದಲ್ಲಿ 1865. ಅಂದ್ರೆ ನಮ್ಮ ಶಾಲೆಗೆ 160 ವರ್ಷ ಆಯಿತಾ? ಅಷ್ಟು ಹಳೇದು ಅಂತ ತೋರಿಸಿದರೆ ಕೆಡವೋದು ನಿಲ್ಲಬಹುದು ಅನ್ನೋ ಆಸೆ. ಗೊತ್ತಿರೋರು ದಯವಿಟ್ಟು ಹೇಳಿ.

ಬಿಸ್ಲೆ ಬೈಕರ್

ವಾವ್! 1865! ಸೂಪರ್ ಮೇಡಂ. ಫೋಟೋ ಹಾಕಿ. ಪೇಪರಿನವರಿಗೆ ಹೇಳಿ, ನಾಳೆನೇ ಬರುತ್ತಾರೆ.

ಸೈಜುಗಲ್ಲು

ಪೇಪರಿನವರನ್ನು ಕರೆಯೋ ಮುಂಚೆ ಸ್ವಲ್ಪ ತಡೆಯಿರಿ ಮೇಡಂ. ಈ ತಪ್ಪು ನಾನೂ ಮಾಡಿದವನೇ.

ಹಾಸನದಲ್ಲಿ ಮೂವತ್ತು ವರ್ಷ ಬಿಲ್ಡಿಂಗ್ ಕಂಟ್ರಾಕ್ಟ್ ಮಾಡಿದೆ. ಅದರಲ್ಲಿ ಅರ್ಧ ಕೆಲಸ ಮೂಡಿಗೆರೆ, ಸಕಲೇಶಪುರದ ಕಡೆಯ ಹಳೇ ಬಂಗಲೆಗಳ ರಿಪೇರಿ. ಈಗ ಮೊಣಕಾಲು ಏಣಿ ಹತ್ತಲು ಬಿಡೋದಿಲ್ಲ, ಅದಕ್ಕೇ ಇಲ್ಲಿ ಕೂತು ಬರೆಯುತ್ತೇನೆ.

1865 ಅನ್ನೋದು ನಿಮ್ಮ ಹೆಂಚು ಸುಟ್ಟ ವರ್ಷ ಅಲ್ಲ. ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಆ ವರ್ಷ ಹೆಂಚಿನ ಕಾರ್ಖಾನೆ ಹಾಕಿದರು. ಪ್ಲೆಬ್ಸ್ಟ್ ಅನ್ನೋ ಜರ್ಮನ್ ಮಿಷನರಿ ಅದನ್ನು ನಿಲ್ಲಿಸಿದವರು. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಮುಂದೆ ಎಷ್ಟು ವರ್ಷ ಹೆಂಚು ಹೊಡೆದರೂ ಅಚ್ಚಿನಲ್ಲಿ 1865 ಹಾಗೇ ಉಳಿಯಿತು. ನಮ್ಮ ಹಾಸನದವರು ಊರೂರಿಗೂ ಹೋಗಿ ಅಯ್ಯಂಗಾರ್ ಬೇಕರಿ ಇಟ್ಟಿದ್ದಾರಲ್ಲ, ಬೋರ್ಡಿನ ಮೇಲೆ ಸ್ಥಾಪನೆ ಇಂಥ ವರ್ಷ ಅಂತ ಬರೆದಿರುತ್ತಾರೆ. ಒಳಗಿರೋ ಬನ್ನು ಆ ವರ್ಷದ್ದಾ?

ಹಾಗಂತ ಆ ಹೆಂಚು ಏನೂ ಹೇಳೋದಿಲ್ಲ ಅಂತಲ್ಲ. ವರ್ಷ ಬಿಡಿ, ಹೆಸರು ನೋಡಿ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಬಾಸೆಲ್ ಮಿಷನ್‌ನ ಕಾರ್ಖಾನೆಗಳನ್ನು ಶತ್ರುಗಳ ಆಸ್ತಿ ಅಂತ ವಶಕ್ಕೆ ತಗೊಂಡರು. ಆಮೇಲೆ ಅವನ್ನು ನಡೆಸಿದ್ದು ಕಾಮನ್‌ವೆಲ್ತ್ ಟ್ರಸ್ಟ್. ಹಾಗಾಗಿ ಬಾಸೆಲ್ ಮಿಷನ್ ಅಂತ ಒತ್ತಿದ ಹೆಂಚು ಸುಮಾರಾಗಿ ಆ ಯುದ್ಧಕ್ಕಿಂತ ಹಿಂದಿನದು. ನಿಮ್ಮ ಹೆಂಚಿಗೆ ನೂರು ವರ್ಷ ದಾಟಿದೆ, ಅಷ್ಟು ಹೇಳಬಹುದು.

ಆದರೆ ಹೆಂಚಿಗೆ ನೂರಾದರೆ ಮಾಡಿಗೂ, ಅಂದ್ರೆ ಚಾವಣಿಗೂ, ನೂರಾಗಬೇಕು ಅಂತ ಏನಿಲ್ಲ. ನಾನು ಬಿದ್ದದ್ದು ಇಲ್ಲೇ. ಮೂಡಿಗೆರೆ ಕಡೆ ಒಂದು ಬಂಗಲೆಯಲ್ಲಿ ಇದೇ ಹೆಂಚು ನೋಡಿ ಯಜಮಾನರಿಗೆ ‘ನಿಮ್ಮ ಮನೆ ನೂರಿಪ್ಪತ್ತು ವರ್ಷದ್ದು ಸಾರ್’ ಅಂದೆ. ಒಳಗಿಂದ ಅವರ ಅಜ್ಜಿ ಬಂದರು. ‘ಎಂಥದ್ದು? ನಾನು ಮದುವೆಯಾಗಿ ಬಂದಾಗ ಇಲ್ಲಿ ಜಿಂಕ್ ಶೀಟ್ ಇತ್ತಪ್ಪ. ಹೆಂಚು ಆಮೇಲೆ ಹರಾಜಲ್ಲಿ ತಂದದ್ದು’ ಅಂದರು. ಕಾಫಿ ಕುಡಿದು ಸುಮ್ನೆ ಎದ್ದು ಬಂದೆ. ಹಾಸನ–ಮಂಗಳೂರು ರೈಲು ಬಂದದ್ದೇ 1979ಕ್ಕೆ. ಅದಕ್ಕೂ ಮುಂಚಿನ ಹೆಂಚೆಲ್ಲ ಘಾಟಿ ಹತ್ತಿ ಬಂದದ್ದು, ಮೊದಮೊದಲು ಎತ್ತಿನ ಗಾಡಿಯಲ್ಲಿ, ನಡುವೆ ಹುಲ್ಲಿಟ್ಟು. ನೂರು ಚದರಡಿ ಮಾಡಿಗೆ ಹೆಚ್ಚುಕಡಿಮೆ 150 ಹೆಂಚು ಬೇಕು. ಅಷ್ಟು ಕಷ್ಟಪಟ್ಟು ತಂದದ್ದನ್ನು ಯಾರಾದರೂ ಬಿಸಾಕುತ್ತಾರಾ? ಒಂದು ಮಾಡು ಇಳಿದರೆ ಆ ಹೆಂಚು ಇನ್ನೊಂದು ಮಾಡು ಹತ್ತುತ್ತಿತ್ತು.

ಕಟ್ಟಡದ ವಯಸ್ಸು ತಿಳಿಯಬೇಕು ಅಂದ್ರೆ ಹೆಂಚು ಬಿಟ್ಟು ಗೋಡೆಯ ಹತ್ತಿರ ಬನ್ನಿ. ಹಾಲಿನ ಗೋಡೆ, ತುದಿಯ ಕೋಣೆಯ ಗೋಡೆ ಸೇರುವ ಮೂಲೆಯಲ್ಲಿ ಗಾರೆ ಎಲ್ಲಾದರೂ ಉದುರಿದೆಯಾ ನೋಡಿ. ಎರಡನ್ನೂ ಒಟ್ಟಿಗೆ ಕಟ್ಟಿದ್ದರೆ ಕಲ್ಲು, ಇಟ್ಟಿಗೆ ಒಂದರೊಳಗೊಂದು ಬೆರಳು ಹೆಣೆದ ಹಾಗೆ ಹೋಗಿರುತ್ತವೆ. ಆಮೇಲೆ ಸೇರಿಸಿದ್ದರೆ ಮೇಲಿಂದ ಕೆಳಗೆ ನೆಟ್ಟಗೆ ಒಂದು ಗೆರೆ. ಕಿಟಕಿಗಳ ಮೇಲೂ ನೋಡಿ. ಒಂದು ಕಡೆ ಇಟ್ಟಿಗೆಯ ಕಮಾನು, ಇನ್ನೊಂದು ಕಡೆ ಸಿಮೆಂಟಿನ ಲಿಂಟಲ್ ಇದ್ದರೆ ಅವೆರಡೂ ಒಂದೇ ಕಾಲದ ಕೆಲಸ ಅಲ್ಲ. ಮೊಳೆ ನೋಡಿ ವಯಸ್ಸು ಹೇಳ್ತೀನಿ ಅನ್ನೋರೂ ಇದ್ದಾರೆ. ನಾನು ನಂಬೋದಿಲ್ಲ. ಪೇಟೆಯಲ್ಲಿ ತಂತಿ ಮೊಳೆ ಬಂದು ಎಷ್ಟೋ ಕಾಲ ಆದಮೇಲೂ ನಮ್ಮ ಹಳ್ಳಿಗಳ ಕಮ್ಮಾರರು ಚೌಕ ಮೊಳೆ ಹೊಡೀತಾನೇ ಇದ್ದರು.

ಮಾಡಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಾಲು ಅಷ್ಟು ಅಗಲ ಇದ್ದು ನಡುವೆ ಕಂಬ ಇಲ್ಲ ಅಂದ್ರೆ ಮರದ ಟ್ರಸ್ ಇರಲೇಬೇಕು. ಎರಡು ಇಳಿಜಾರು ಮರ, ಕೆಳಗೆ ಗೋಡೆಯಿಂದ ಗೋಡೆಗೆ ಒಂದು ಅಡ್ಡತೊಲೆ, ನಡುವೆ ಒಂದು ನೆಟ್ಟಗಿನ ಮರ. ಆ ನಡುವಿನ ಮರ ನೋಡೋಕೆ ಕಂಬದ ಹಾಗಿರುತ್ತದೆ, ಆದರೆ ಕಂಬದ ಕೆಲಸ ಮಾಡೋದಿಲ್ಲ. ನೆತ್ತಿಯಿಂದ ನೇತಾಡಿಕೊಂಡು ಅಡ್ಡತೊಲೆ ಬಾಗದ ಹಾಗೆ ಮೇಲಕ್ಕೆ ಎಳೆದು ಹಿಡಿದಿರುತ್ತದೆ. ಅದಕ್ಕೇ ಕೆಳಗೆ ಕಬ್ಬಿಣದ ಪಟ್ಟಿ ಸುತ್ತಿ ಬಿಗಿದಿರುತ್ತಾರೆ. ನಮ್ಮ ಮಲೆನಾಡಿನ ತೊಟ್ಟಿಮನೆಯಲ್ಲಿ ಈ ಲೆಕ್ಕ ಇಲ್ಲ. ಅಲ್ಲಿ ಕಂಬ, ಕಂಬದ ತಲೆ ಮೇಲೆ ಬೋದಿಗೆ ಅನ್ನೋ ಅಡ್ಡಮರ, ಬೋದಿಗೆ ಮೇಲೆ ತೊಲೆ, ಭಾರವೆಲ್ಲ ನೇರ ನೆಲಕ್ಕೆ. ಕಂಬವಿಲ್ಲದ ದೊಡ್ಡ ಹಾಲು ನಮ್ಮ ಕಡೆಗೆ ಇಂಗ್ಲಿಷ್ ಎಂಜಿನಿಯರುಗಳ ನಕ್ಷೆಯ ಜೊತೆ ಬಂದದ್ದು. ಅರವತ್ತು ಮಕ್ಕಳನ್ನು ಸಾಲಾಗಿ ಕೂರಿಸಿದರೆ ಮೇಷ್ಟ್ರಿಗೆ ಎಲ್ಲರ ಮುಖ ಕಾಣಬೇಕಲ್ಲ.

ಕೊನೆಗೆ ಒಂದು ಪ್ರಶ್ನೆ. ಗೋಡೆಯ ಕೆಳಭಾಗಕ್ಕೆ ಯಾವಾಗಲಾದರೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಆಯಿಲ್ ಪೇಂಟ್ ಹೊಡೆಸಿದ್ದಾರಾ? ಸರ್ಕಾರಿ ಶಾಲೆ ಅಂದಮೇಲೆ ಹೊಡೆಸಿಯೇ ಇರುತ್ತಾರೆ. ಆ ತೇವಕ್ಕೆ ಕಾರಣ ವಯಸ್ಸಲ್ಲ, ಅದು.

ಮೇಷ್ಟ್ರು, ಬೇಲೂರು

ಸೈಜುಗಲ್ಲು ಅವರ ಮಾತು ಸರಿ. ನಾನು ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಒಂದು ಮಾತು ಸೇರಿಸುತ್ತೇನೆ. ಶಾಲೆಯ ವಯಸ್ಸು ಬೇರೆ, ಕಟ್ಟಡದ ವಯಸ್ಸು ಬೇರೆ. ಶತಮಾನೋತ್ಸವ ಮಾಡುವವರು ಯಾವಾಗಲೂ ಇವೆರಡನ್ನು ಕಲಸಿಬಿಡುತ್ತಾರೆ.

ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆ ಅನ್ನುವ ಯೋಜನೆ ಬಂದದ್ದು 1868ರಲ್ಲಿ. ಅದನ್ನು ಮುಂದಿಟ್ಟವರು ಬಿ.ಎಲ್. ರೈಸ್. ನಮ್ಮ ಹಳೇ ಶಾಸನಗಳನ್ನು ಸಂಗ್ರಹಿಸಿದ ರೈಸ್ ಅವರೇ, ಆಗ ಶಿಕ್ಷಣ ಇಲಾಖೆಯಲ್ಲಿದ್ದರು. ಆದರೆ ಶಾಲೆ ಶುರುವಾಯಿತು ಅಂದರೆ ಕಟ್ಟಡ ಎದ್ದಿತು ಅಂತ ಅರ್ಥ ಅಲ್ಲ. ಮೊದಲು ಕೂಲಿಮಠ, ಅಂದರೆ ಹಳ್ಳಿಯ ಖಾಸಗಿ ಪಾಠಶಾಲೆ, ನಡೆಯುತ್ತಿದ್ದ ಜಗಲಿಯಲ್ಲೇ ಸರ್ಕಾರಿ ಶಾಲೆಯೂ ನಡೆಯುತ್ತಿತ್ತು. ಇಲ್ಲವೇ ದೇವಸ್ಥಾನದ ಪ್ರಾಕಾರ, ಛತ್ರ, ಪಟೇಲರ ಮನೆಯ ಪಡಸಾಲೆ. ಸ್ವಂತ ಕಟ್ಟಡಕ್ಕೆ ಎಷ್ಟೋ ಶಾಲೆಗಳು ಒಂದು ತಲೆಮಾರು ಕಾದಿವೆ. 1913ರಲ್ಲಿ ಕಡ್ಡಾಯ ಶಿಕ್ಷಣದ ಕಾಯ್ದೆ ಬಂತು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಮೊದಲು ಆಯ್ದ ಕೆಲವು ಕಡೆ ಮಾತ್ರ ಜಾರಿಯಾಯಿತು.

ಈಗ ನೀವು ಮಾಡಬೇಕಾದ್ದು ಇಷ್ಟೇ. ಹೆಡ್‌ಮೇಷ್ಟ್ರ ರೂಮಿನ ಕಬ್ಬಿಣದ ಬೀರು ತೆಗೆಸಿ. ದಾಖಲಾತಿ ಪುಸ್ತಕ ಎಲ್ಲರೂ ನೋಡುತ್ತಾರೆ. ಅದರಲ್ಲಿ ಕಟ್ಟಡದ ಸುದ್ದಿ ಇರುವುದಿಲ್ಲ. ನಿಮಗೆ ಬೇಕಾದ್ದು ಸಂದರ್ಶನ ಪುಸ್ತಕ, ಹಳಬರು ವಿಸಿಟ್ ಬುಕ್ ಅನ್ನುತ್ತಾರೆ. ಇನ್‌ಸ್ಪೆಕ್ಟರು ಬಂದಾಗಲೆಲ್ಲ ಬರೆದು ಹೋಗುತ್ತಿದ್ದರು. ‘ಮಾಡು ಸೋರುತ್ತದೆ’, ‘ಮಕ್ಕಳು ಒತ್ತಾಗಿ ಕೂತಿದ್ದಾರೆ, ಇನ್ನೊಂದು ಕೋಣೆ ಬೇಕು’ ಅಂತ. ಮುಂದಿನ ಭೇಟಿಯಲ್ಲಿ ಅದೇ ಕೈ ‘ಹೊಸ ಕೋಣೆ ನೋಡಿದೆ’ ಅಂತ ಬರೆದಿದ್ದರೆ ನಿಮಗೆ ತಾರೀಖು ಸಿಕ್ಕಿತು.

ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೂ ಹುಡುಕಬಹುದು. ಆದರೆ ಹಳೇ ಹೆಸರಿನಲ್ಲಿ ಹುಡುಕಿ. ನಿಮ್ಮೂರು ಮೊದಲು ಸಕಲೇಶಪುರಕ್ಕೆ ಸೇರಿದ್ದರೆ ಆಗಿನ ಕಾಗದದಲ್ಲಿ ಅದು ಮಂಜರಾಬಾದ್ ತಾಲ್ಲೂಕು. ಚಿಕ್ಕಮಗಳೂರಿನವರು ಯಾರಾದರೂ ಓದುತ್ತಿದ್ದರೆ ಅವರಿಗೂ ಹೇಳುತ್ತೇನೆ, ನಿಮ್ಮದು 1947ರವರೆಗೆ ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಅಂತ ಕೇಳಿದರೆ ಹಳೇದೇನೂ ಸಿಗುವುದಿಲ್ಲ.

ಶಾಲೆಯ ಮಾತು ಬಂತು ಅಂತ ನೆನಪಾಯಿತು. ನಮ್ಮ ಬೇಲೂರು, ಹಳೇಬೀಡಿನ ದೇವಸ್ಥಾನ ಕಟ್ಟಿದ ಕಲ್ಲಿಗೆ ಬಳಪದ ಕಲ್ಲು ಅಂತಲೇ ಹೆಸರು. ನಾವು ಸ್ಲೇಟಿನ ಮೇಲೆ ತಿದ್ದಿದ ಬಳಪದ ಕುಲವೇ ಅದು. ನೀವು ಕೇಳಿದ್ದಕ್ಕೆ ಸಂಬಂಧ ಇಲ್ಲ, ಹೇಳಬೇಕು ಅನಿಸಿತು.

ಮೂರು ಮಕ್ಕಳ ಅಪ್ಪ

ಎಲ್ಲರೂ ಹಳೇದು ಹಳೇದು ಅಂತ ಖುಷಿ ಪಡ್ತಿದ್ದೀರಿ. ನಮ್ಮ ಊರಿನ ಶಾಲೆಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಜಗಲಿಯ ಪಕಾಸಿ, ಹೆಂಚಿನ ಕೆಳಗಿನ ಇಳಿಜಾರು ಮರ, ಮುರಿದು ಬಿತ್ತು. ದೇವರ ದಯೆ, ಮಕ್ಕಳು ಕೈ ತೊಳೆಯೋಕೆ ಹೋಗಿದ್ದರು. ಅದೂ ಹಳೇ ಕಾಲದ ಗಟ್ಟಿ ಕಟ್ಟಡವೇ. ಅಕ್ಕಾ, ಇತಿಹಾಸ ಆಮೇಲೆ ನೋಡಿ, ಮೊದಲು ಮಕ್ಕಳನ್ನು ಹೊರಗೆ ಕೂರಿಸಿ.

ಸೈಜುಗಲ್ಲು

ಅಣ್ಣಾ, ನಿಮ್ಮ ಮಾತಿಗೆ ಎರಡು ಮಾತಿಲ್ಲ. ಇದನ್ನು ನಾನೇ ಮೊದಲು ಬರೆಯಬೇಕಿತ್ತು. ಮೇಡಂ, ಗೊತ್ತಿರೋ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡೋವರೆಗೂ ಹಾಲಿಗೆ ಬೀಗ ಹಾಕಿಸಿ. ನೋಡೋಕೆ ಬಂದವರು ಜಗಲಿಯಲ್ಲೇ ನಿಂತರೆ ಒಪ್ಪಬೇಡಿ, ಏಣಿ ಹತ್ತಿಸಿ. ಟ್ರಸ್‌ನ ಅಡ್ಡತೊಲೆ ನಡುವೆ ಮುರಿಯೋದು ಕಮ್ಮಿ. ಗೋಡೆಯ ಒಳಗೆ ಹೋಗುವ ತುದಿ ಇದೆಯಲ್ಲ, ಕೊಳೆಯೋದು ಅಲ್ಲಿ. ತೇವವೂ ಅಲ್ಲೇ, ಗೆದ್ದಲೂ ಅಲ್ಲೇ. ಸ್ಕ್ರೂಡ್ರೈವರ್ ತಗೊಂಡು ಆ ತುದಿಗೆ ಚುಚ್ಚಿಸಿ. ಕಾಲಿಂಚು ಹೋಗಿ ನಿಂತರೆ ಪರವಾಗಿಲ್ಲ. ಬೆಣ್ಣೆಗೆ ಚುಚ್ಚಿದ ಹಾಗೆ ಇಳಿದರೆ ಆ ಟ್ರಸ್ ಕೆಳಗೆ ಅವತ್ತೇ ಊರೆ, ಅಂದ್ರೆ ಆಸರೆಯ ಕಂಬ, ಕೊಡಿಸಿ. ಜಗಲಿಯ ಪಕಾಸಿ ಬಿದ್ದದ್ದೂ ಹೀಗೇ ಸೂರಿನ ತುದಿ ಕೊಳೆತು ಇರಬೇಕು.

ಗಾರೆ ಮೇಸ್ತ್ರಿ ಮಗ

ಚಿಕ್ಕಮಗಳೂರಿಂದ. ನಮ್ಮಪ್ಪ ಗಾರೆ ಕೆಲಸದವರು, ನಾನು ಈಗ ಟೈಲ್ಸ್ ಹಾಕೋನು. ತೇವದ ಬಗ್ಗೆ ಹೇಳ್ತೀನಿ.

ಅಕ್ಕಾ, ನಿಮ್ಮ ಸ್ಕೂಟರ್ ಕೀಲಿಯಿಂದ ಗೋಡೆ ಕೆರೆದು ನೋಡಿ. ತಲೆಮಟ್ಟದಲ್ಲಿ ಕೆರೆದರೆ ಬೆಳ್ಳಗೆ ಹಿಟ್ಟಿನ ಹಾಗೆ ಬರುತ್ತದೆ, ಅದು ಸುಣ್ಣದ ಗಾರೆ. ಮೊಣಕಾಲು ಮಟ್ಟದಲ್ಲಿ ಬೂದಿ ಬಣ್ಣ, ಕೀಲಿಯೇ ಸವೆಯುತ್ತದೆ ಅಂದ್ರೆ ಅದು ಸಿಮೆಂಟು. ಹಳೇ ಗೋಡೆಗೆ ಅಡಿಪಾಯದಲ್ಲಿ ತೇವ ತಡೆಯೋ ಪದರ ಇರೋದಿಲ್ಲ. ನೆಲದ ನೀರು ಮೇಲೆ ಏರೇ ಏರುತ್ತದೆ. ಸುಣ್ಣದ ಗಾರೆ ಇದ್ದರೆ ಏರಿದ ನೀರು ಹಾಗೇ ಆರಿ ಹೋಗುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ದಾರಿ ಮುಚ್ಚಿತು. ಆ ನೀರು ಒಳಗೇ ಇನ್ನೂ ಮೇಲಕ್ಕೆ ಹತ್ತುತ್ತದೆ. ಸಿಮೆಂಟು ಮುಗಿಯೋ ಗೆರೆಗೆ ಸ್ವಲ್ಪ ಮೇಲೆ ಬಿಳಿ ಉಪ್ಪು ಹೂ ಬಿಟ್ಟ ಹಾಗೆ ಕಾಣುತ್ತಾ ನೋಡಿ. ಕಂಡರೆ ಇದೇ ಕಥೆ.

ಗಾರೆಗೆ ಬೆಲ್ಲ ಹಾಕ್ತಿದ್ದರು, ಮೊಟ್ಟೆ ಹಾಕ್ತಿದ್ದರು, ಅದಕ್ಕೇ ಅಷ್ಟು ಗಟ್ಟಿ ಅಂತ ಎಲ್ಲರೂ ಹೇಳ್ತಾರೆ. ಹಾಸನದ ಹತ್ತಿರ ಪಾಳುಬಿದ್ದಿರೋ ಶೆಟ್ಟಿಹಳ್ಳಿ ಚರ್ಚಿಗೆ ಹೋದವರು ಅದನ್ನೇ ಹೇಳಿಕೊಂಡು ವಾಪಸ್ ಬರ್ತಾರೆ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕ್ತಿದ್ದದ್ದು ಸುಳ್ಳಲ್ಲ. ಆದರೆ ನಮ್ಮಪ್ಪ ನಗ್ತಿದ್ದರು. ‘ಬೆಲ್ಲ ಹಾಕಿದ್ದನ್ನು ಎಲ್ಲರೂ ನೋಡಿದ್ರು, ಅರೆದದ್ದನ್ನು ಯಾರೂ ನೋಡಲಿಲ್ಲ’ ಅನ್ನೋರು. ಸುಣ್ಣ ಸುಟ್ಟು ತಂದು, ಗುಂಡಿಯಲ್ಲಿ ನೀರು ಬಿಟ್ಟು ಅರಳಿಸಿ, ವಾರಗಟ್ಟಲೆ ಕೊಳೆ ಹಾಕಬೇಕು. ಆಮೇಲೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೀಬೇಕು. ದುಂಡಗಿನ ಕಲ್ಲಿನ ದೋಣಿ, ಅದರಲ್ಲಿ ಒಂದು ಕಲ್ಲಿನ ಚಕ್ರ, ಎಳೆಯೋಕೆ ಎತ್ತು. ಗೋಡೆಗೆ ಹಚ್ಚಿದ ಮೇಲೂ ಅದು ಒಂದೇ ದಿನಕ್ಕೆ ಗಟ್ಟಿಯಾಗೋದಿಲ್ಲ. ಗಾಳಿ ಕುಡಿದು ಕುಡಿದು ವರ್ಷಗಟ್ಟಲೆ ಕಲ್ಲಾಗ್ತಾ ಹೋಗುತ್ತದೆ. ಆ ಶೆಟ್ಟಿಹಳ್ಳಿ ಚರ್ಚಿಗೆ ಮೇಲೆ ಮಾಡು ಇಲ್ಲ. 1979ರಲ್ಲಿ ಗೊರೂರು ಡ್ಯಾಮ್ ಆದಾಗಿನಿಂದ ಮಳೆಗಾಲ ಬಂದರೆ ಹೇಮಾವತಿ ನೀರಲ್ಲಿ ನಿಲ್ಲುತ್ತದೆ. ಆದರೂ ಅದರ ಗೋಡೆ ಎಷ್ಟೋ ಇನ್ನೂ ನಿಂತಿದೆ. ನಿಮ್ಮ ಶಾಲೆಗೆ ಮಾಡಾದರೂ ಇದೆ.

ಸಿಮೆಂಟು ಕೀಳಿಸಿ, ಒಂದು ಬೇಸಿಗೆ ಗೋಡೆ ಹಾಗೇ ಒಣಗಲಿ, ಆಮೇಲೆ ಸುಣ್ಣದ ಗಾರೆ ಮಾಡಿಸಿ. ಸುತ್ತ ಚರಂಡಿ ತೆಗೆಸಿ. ಕೆಡವೋದಕ್ಕಿಂತ ಕಮ್ಮಿ ಖರ್ಚು. ಆದರೆ ಬಲ್ಲ ಕೆಲಸದವರು ಸಿಗೋದೇ ಕಷ್ಟ. ನಾನೇ ಕಲೀಲಿಲ್ಲ ನೋಡಿ.

ಹೇಮಾವತಿ ದಂಡೆ

ಹದಿನೈದು ದಿನ ಆಯಿತು, ಉತ್ತರ ಬರೆಯಲು ತಡವಾಯಿತು. ಹಾಲಿಗೆ ಬೀಗ ಹಾಕಿಸಿದೆವು. ನಾಲ್ಕು, ಐದನೇ ಕ್ಲಾಸು ಈಗ ಒಂದೇ ಕೊಠಡಿಯಲ್ಲಿ ಕೂರುತ್ತವೆ.

ಕೀಲಿಯಿಂದ ಕೆರೆದೆ. ಮೇಲೆ ಬಿಳಿ ಹಿಟ್ಟು, ಕೆಳಗೆ ಸಿಮೆಂಟು, ಗೆರೆಗೆ ಮೇಲೆ ಉಪ್ಪು. ಒಂದೂ ತಪ್ಪಿಲ್ಲ. ಕೆರೆಯುವಾಗ ಸುಣ್ಣದ ಪದರಗಳ ನಡುವೆ ನೀಲಿ ಬಂತು, ಅದರ ಕೆಳಗೆ ಕಾವಿ. ಕಾವಿ ಬಣ್ಣದ ಕಾಲ ನಮ್ಮ ತಂದೆಗೆ ನೆನಪಿದೆ. ಒರಗಿ ಕೂತರೆ ಅಂಗಿ ಬೆನ್ನು ಕೆಂಪಾಗಿ ಮನೆಯಲ್ಲಿ ಬೈಗುಳ ತಿನ್ನುತ್ತಿದ್ದರಂತೆ.

ಸಂದರ್ಶನ ಪುಸ್ತಕದ ಹಳೆಯ ಸಂಪುಟಗಳನ್ನು ಗೆದ್ದಲು ಮುಗಿಸಿದೆ ಮೇಷ್ಟ್ರೇ. ಬೀರು ತೆಗೆದರೆ ಮಣ್ಣು. ಅವತ್ತು ಬೇಜಾರಾಗಿ ಮನೆಗೆ ಬಂದುಬಿಟ್ಟೆ.

ಆದರೆ ಗೋಡೆ ಮಾತಾಡಿತು. ತುದಿಯ ಕೋಣೆಗಳು ಹಾಲಿಗೆ ಸೇರುವ ಕಡೆ ಎರಡೂ ಬದಿಯಲ್ಲಿ ನೆಟ್ಟಗೆ ಗೆರೆ ಇದೆ. ಕೋಣೆಯ ಮಾಡಿನಿಂದ ಮೂರು ಹೆಂಚು ಇಳಿಸಿದೆವು, ಮೂರರಲ್ಲೂ ಕಾಮನ್‌ವೆಲ್ತ್ ಅಂತಿದೆ. ಹಾಲಿನದ್ದೆಲ್ಲ ಬಾಸೆಲ್ ಮಿಷನ್. ಅಂದ್ರೆ ಮೊದಲು ಬರೀ ಹಾಲು ಇತ್ತು, ಕೋಣೆಗಳು ಆಮೇಲೆ ಬಂದವು, ಅಲ್ವಾ ಸೈಜುಗಲ್ಲು ಸರ್?

ಎಂಜಿನಿಯರ್ ಒಬ್ಬರು ಬಂದಿದ್ದರು, ಏಣಿ ಹತ್ತಿದರು. ಹಾಲಿಗೆ ಐದು ಟ್ರಸ್ ಜಾಗ. ನಾಲ್ಕು ಮರದ್ದು, ಒಂದು ಕಡೆ ಕಬ್ಬಿಣದ ಪೈಪು. ಮರದ್ದರಲ್ಲಿ ಒಂದರ ತುದಿ ಮಾತ್ರ ಮೆತ್ತಗಿದೆ, ಸೋರುತ್ತಿದ್ದ ಮೂಲೆಯದ್ದು. ಉಳಿದ ಮೂರಕ್ಕೆ ಸ್ಕ್ರೂಡ್ರೈವರ್ ಇಳಿಯಲಿಲ್ಲ. ಅವರು ಕೆಳಗಿಳಿದ ಮೇಲೆ ನಾನೂ ಹತ್ತಿದೆ, ಸೀರೆ ಸಿಕ್ಕಿಸಿಕೊಂಡು. ಮರಗಳು ಕೂಡುವ ಜಾಗದಲ್ಲಿ ಉಳಿಯಿಂದ ಕೊರೆದ ಗುರುತು ಕಂಡಿತು. ಧೂಳು ಒರೆಸಿದರೆ ಕನ್ನಡ ಅಂಕಿ! ಮೊದಲನೇ ಟ್ರಸ್‌ನ ಪ್ರತಿ ಕೂಡಿನಲ್ಲೂ ೧, ಎರಡನೆಯದರಲ್ಲಿ ೨, ಆಮೇಲೆ ೩, ಆಮೇಲೆ ಪೈಪು, ಆಮೇಲೆ ೫. ಇದು ಯಾಕೆ?

ಸೈಜುಗಲ್ಲು

ಕೋಣೆಗಳು ಆಮೇಲಿನವೇ, ಸಂಶಯ ಇಲ್ಲ. ಹೆಂಚು ಒಂದನ್ನೇ ನಂಬಬೇಡಿ ಅಂದಿದ್ದೆ. ಆದರೆ ಹೆಂಚು, ಗೋಡೆ ಎರಡೂ ಒಂದೇ ಮಾತು ಹೇಳಿದರೆ ನಂಬಬಹುದು.

ಅಂಕಿ ಮರಗೆಲಸದ ಆಚಾರಿದು ಮೇಡಂ. ಟ್ರಸ್ಸನ್ನು ಮೊದಲು ನೆಲದ ಮೇಲೆ ಮಲಗಿಸಿ ಕೂಡಿಸಿ ನೋಡುತ್ತಾರೆ. ಸರಿಯಾದ ಮೇಲೆ ಬಿಚ್ಚಿ, ಒಂದೊಂದೇ ಮರವನ್ನು ಹಗ್ಗದಲ್ಲಿ ಮೇಲೆ ಎಳೆದು, ಅಲ್ಲಿ ಮತ್ತೆ ಕೂಡಿಸಬೇಕು. ಕೈಯಲ್ಲಿ ಕೆತ್ತಿದ ಕೂಡು ಅದರದರ ಜೋಡಿಗೆ ಮಾತ್ರ ಸರಿಯಾಗಿ ಕೂರುತ್ತದೆ. ಎರಡನೆಯದರ ಮರ ಮೂರನೆಯದಕ್ಕೆ ಹೋದರೆ ಕೆಲಸ ಕೆಟ್ಟಿತು. ಅದಕ್ಕೇ ನಂಬರು. ನಕ್ಷೆ ಇಂಗ್ಲಿಷಿನವರದ್ದು, ಎಣಿಕೆ ನಮ್ಮವರದ್ದು. ಮೂವತ್ತು ವರ್ಷದಲ್ಲಿ ಎಸ್ಟೇಟ್ ಬಂಗಲೆಗಳಲ್ಲಿ ನಾನು ಕನ್ನಡ ಅಂಕಿ ನೋಡಿದ್ದು ಎರಡೇ ಕಡೆ. ಫೋಟೋ ತೆಗೆದಿಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು.

೪ ಏನಾಯಿತು, ಊರಲ್ಲಿ ಯಾರನ್ನಾದರೂ ಕೇಳಿ. ಆ ಮರ ಯಾರೂ ಬಿಸಾಕಿರೋದಿಲ್ಲ.

ಹೇಮಾವತಿ ದಂಡೆ

ಸರ್, ಸಿಕ್ಕಿತು!

ನಾನು ಆರನೇ ಕ್ಲಾಸಿನಲ್ಲಿದ್ದಾಗ ಹಿಂದಿನ ತೋಟದ ಸಿಲ್ವರ್ ಮರದ ಕೊಂಬೆ ಮಾಡಿನ ಮೇಲೆ ಬಿದ್ದದ್ದು ನನಗೇ ನೆನಪಿದೆ, ಎರಡು ದಿನ ರಜೆ ಕೊಟ್ಟಿದ್ದರು. ಆಗ ಹಾಕಿದ ಪೈಪು ಅದು. ಮುರಿದ ತೊಲೆ ಏನಾಯಿತು ಅಂತ ಇವತ್ತು ಶಾಲೆಯಲ್ಲಿ ಕೇಳುತ್ತಾ ನಿಂತಿದ್ದೆ. ಬಿಸಿಯೂಟದ ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದು, ‘ನಾನು ತರಕಾರಿ ಹೆಚ್ಚೋದು ಯಾವುದರ ಮೇಲೆ ಅಂದುಕೊಂಡೆ?’ ಅಂದರು.

ಅಡುಗೆ ಕೋಣೆಯಲ್ಲಿ ಎರಡು ಸೈಜುಗಲ್ಲಿನ ಮೇಲೆ ಆರಡಿ ಉದ್ದದ ದಪ್ಪ ಮರ. ಮೇಲ್ಭಾಗ ಕತ್ತಿಯೇಟು ತಿಂದು ತಿಂದು ನುಣ್ಣಗಾಗಿದೆ. ಬಗ್ಗಿ ಟಾರ್ಚ್ ಬಿಟ್ಟೆ. ಕೆಳಮಗ್ಗುಲಿನಲ್ಲಿ, ತುದಿಯಿಂದ ಒಂದು ಗೇಣು ಒಳಗೆ, ೪.

ಫೋಟೋ ತೆಗೆಯೋಣ ಅಂದರೆ ಹುರುಳಿಕಾಯಿ ರಾಶಿ ಇತ್ತು. ‘ಊಟ ಆಗಲಿ, ಆಮೇಲೆ ಬಾ’ ಅಂದರು. ನಾಳೆ ಹಾಕುತ್ತೇನೆ.